ಕೊಕ್ಕರೆಯ ಕೊಕ್ಕಿನ ಗೆರೆ

ನಮ್ಮೂರಿನಲ್ಲಿ ಮಕ್ಕಳು ಬರಿಗೈಯಲ್ಲಿ ಹುಟ್ಟುವುದಿಲ್ಲ. ಬಲಗೈ ಮುಷ್ಟಿಯಲ್ಲಿ ಒಂದು ನಾಣ್ಯ ಹಿಡಿದುಕೊಂಡೇ ಬರುತ್ತವೆ. ಸೂಲಗಿತ್ತಿಯರು ಮೊದಲು ಕೂಸು ಅತ್ತಿತೇ ಎಂದು ನೋಡುತ್ತಾರೆ, ಆಮೇಲೆ ಬೆಚ್ಚಗಿನ ಎಣ್ಣೆ ಹಚ್ಚಿ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ನಡುವೆ ತೂತಿರುವ ನಾಣ್ಯ, ಅಂಚು ಹೂವಿನ ದಳದ ಹಾಗಿರುವ ನಾಣ್ಯ, ಗಡ್ಡದ ರಾಜನದು, ಮೀನಿನದು, ಆಮೆಯದು, ಯಾರಿಗೂ ಓದಲು ಬಾರದ ಅಕ್ಷರದ್ದು. ಎಲ್ಲವೂ ಬೇರೆ ದೇಶದವು. ನಮ್ಮ ಸಂತೆಯಲ್ಲಿ ನಡೆಯುವ ನಾಣ್ಯ ಇದುವರೆಗೆ ಯಾವ ಕೂಸಿನ ಕೈಯಲ್ಲೂ ಬಂದಿಲ್ಲ. ಬಂದಿದ್ದರೆ ಅಪ್ಪಂದಿರು ಅವತ್ತೇ ಚಹಾ ಕುಡಿದು ಮುಗಿಸುತ್ತಿದ್ದರು ಎಂದು ನನ್ನ ತಮ್ಮ ಗುರುಸಿದ್ದ ಹೇಳುತ್ತಾನೆ.

ಹೀಗಾಗಿ ನಮ್ಮ ದರ್ಜಿಗಳು ಅಂಗಿಯನ್ನೇ ಹೊಲಿಯಲಿ, ಕುಬಸವನ್ನೇ ಹೊಲಿಯಲಿ, ಎಡಗಡೆ ಒಳಗೆ ಒಂದು ಪುಟ್ಟ ಕಿಸೆ ಇಟ್ಟೇ ಇಡುತ್ತಾರೆ. ಹೆಣ್ಣು ನೋಡಲು ಬಂದವರು ಅವಲಕ್ಕಿಯ ತಟ್ಟೆ ಮುಟ್ಟುವ ಮೊದಲೇ, “ನಮ್ಮ ಹುಡುಗಂದು ಬೆಳ್ಳಿ ಐತ್ರೀ, ನಿಮ್ಮಾಕಿದು?” ಎನ್ನುತ್ತಾರೆ. ಆದರೆ ತೋರಿಸುವಾಗ ಇಬ್ಬರೂ ಕೈ ದೂರ ಹಿಡಿದಿರುತ್ತಾರೆ. ಒಬ್ಬರ ನಾಣ್ಯ ಇನ್ನೊಬ್ಬರ ನಾಣ್ಯಕ್ಕೆ ತಾಕಬಾರದು. ತಾಕಿದರೆ ಒಬ್ಬರ ಹಣೆಬರಹ ಇನ್ನೊಬ್ಬರಿಗೆ ಹತ್ತುತ್ತದಂತೆ. ಗಂಡ ಹೆಂಡತಿ ಬೇರೆ ಬೇರೆ ಗೂಡಿನಲ್ಲಿ ಇಡುತ್ತಾರೆ. ಬಸ್ಸಿನ ನೂಕುನುಗ್ಗಲಿನಲ್ಲಿ ಎರಡು ಕಿಸೆಗಳು ಠಣ್ ಎಂದರೆ ಇಬ್ಬರೂ ಇಳಿದು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬರುತ್ತಾರೆ. ಡ್ರೈವರ್ ಕಾಯುತ್ತಾನೆ.

ಕೆಲವು ಮಕ್ಕಳ ಮುಷ್ಟಿಯಲ್ಲಿ ಖೋಟಾ ನಾಣ್ಯ ಬರುತ್ತದೆ. ಹೊಟ್ಟೆಯೊಳಗೆ ಖೋಟಾ ಹೇಗೆ ಹೋಯಿತು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಹನ್ನೆರಡನೆಯ ದಿನ ಕೂಸನ್ನು ನೋಟದ ಕಟ್ಟೆಗೆ ತರಬೇಕು. ಅಲ್ಲಿ ನೋಟಗಾರರು ನಾಣ್ಯ ಪರೀಕ್ಷೆ ಮಾಡುತ್ತಾರೆ. ಖರೆಯಾದರೆ ಕಟ್ಟೆಯ ಮೇಲೇ ಕೂಸಿಗೆ ಹೆಸರಿಡುತ್ತಾರೆ. ಖೋಟಾ ಆದರೆ ಉಳಿಯಿಂದ ನಾಣ್ಯಕ್ಕೆ ತೂತು ಹೊಡೆದು ವಾಪಸ್ ಕೊಡುತ್ತಾರೆ, ಕೂಸಿಗೆ ಹೆಸರಿಲ್ಲ. ಅದನ್ನು ಯಾರೂ ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಪಂಕ್ತಿಯಿಂದ ಎಬ್ಬಿಸುವುದಿಲ್ಲ. ಸುಮ್ಮನೆ ಜೀವನವಿಡೀ ಹೆಸರು ಹಿಡಿದು ಕರೆಯುವುದಿಲ್ಲ. ನಾನು ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಮೈಕಿನ ಮುಂದೆ ಕೂರುವವಳು. ಮಕ್ಕಳು ತಪ್ಪಿಸಿಕೊಂಡರೆ ಹೆಸರಿದ್ದವರನ್ನು ಕರೆಯುವುದು ಸುಲಭ. ಇಲ್ಲದವರಿಗೆ, “ಕೆಂಪು ಚಡ್ಡಿ ಹಾಕಿರುವ, ಪಂಕ್ಚರ್ ಅಂಗಡಿಯವನ ನಡುವಿನ ಮಗ ಎಲ್ಲಿದ್ದರೂ ಬರಬೇಕು” ಎಂದು ಕೂಗುತ್ತೇನೆ. ಪಂಕ್ಚರ್ ಅಂಗಡಿಯವನಿಗೂ ಹೆಸರಿಲ್ಲ.

ನನಗೆ ಹೆಸರಿದೆ. ಕಾಶೀಬಾಯಿ. ಜೊತೆಗೆ ಒಂದು ಚಟವೂ ಇದೆ. ಹೊರಗಿನಿಂದ ಬರುವ ಪ್ರಯಾಣಿಕರ ಹತ್ತಿರ ಬೇರೆ ದೇಶದ ನಾಣ್ಯಗಳಿದ್ದರೆ ಕೇಳಿ ಇಸಿದುಕೊಳ್ಳುತ್ತೇನೆ. ಮನೆಯಲ್ಲಿ ಮಿಠಾಯಿಯ ಡಬ್ಬಿಗಳ ಮುಚ್ಚಳಕ್ಕೆ ಮಖಮಲ್ ಅಂಟಿಸಿ ಅವುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತೇನೆ. ನಮ್ಮವ್ವ ಆ ಕೋಣೆಗೆ ಕಾಲಿಡುವುದಿಲ್ಲ. “ಅವು ಯಾರ ಮುಷ್ಟಿಯಾಗೂ ಬಂದಿದ್ದಲ್ಲ, ತಾಕಿದ್ರ ಏನಾಗತೈತಿ?” ಎಂದರೆ, “ಒಟ್ಟ ಒಂದಕ್ಕೊಂದು ಒರಗಿ ಕೂತಾವಲ್ಲ, ನೋಡಾಕ ಆಗೂದಿಲ್ಲವಾ” ಎನ್ನುತ್ತಾಳೆ. ಪಕ್ಕಪಕ್ಕ ಇಡುವುದರಿಂದಲೇ ನಾನು ಕಲಿತದ್ದು. ಅಚ್ಚಿನ ಪೆಟ್ಟು ತಿಂದ ನಾಣ್ಯದ ಅಕ್ಷರ ಬುಡದಲ್ಲೂ ಚೂಪಾಗಿರುತ್ತದೆ. ಎರಕ ಹೊಯ್ದದ್ದರಲ್ಲಿ ಅಕ್ಷರ ಬೆಲ್ಲದ ಅಚ್ಚಿನಂತೆ ಮೆತ್ತಗೆ ಕೂತಿರುತ್ತದೆ, ಅಂಚಿನ ಸುತ್ತ ಹೊಲಿಗೆಯಂಥ ಗೆರೆ, ಮೈಮೇಲೆ ಸೂಜಿ ಚುಚ್ಚಿದಂಥ ಗುಂಡಿಗಳು. ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯದಲ್ಲಿ ಮೊದಲು ಹೋಗುವುದು ಎತ್ತರದ ಜಾಗ: ರಾಜನ ಕೂದಲು, ಹಕ್ಕಿಯ ಎದೆ. ಖೋಟಾ ಮಾಡುವವನು ಎಲ್ಲ ಕಡೆ ಒಂದೇ ಸಮ ಉಜ್ಜಿರುತ್ತಾನೆ. ಇನ್ನು ಯಾರಾದರೂ ಪುಣ್ಯಾತ್ಗಿತ್ತಿ ಹುಣಸೆಹಣ್ಣು ಹಾಕಿ ತಿಕ್ಕಿದ್ದರೆ ದೇವರೇ ಗತಿ, ಖರೆಯದೂ ಸುಳ್ಳಿನ ಹಾಗೆ ಹೊಳೆಯುತ್ತದೆ.

ನನ್ನ ಸ್ವಂತ ನಾಣ್ಯದಲ್ಲಿ ಒಂಟಿಕಾಲಿನಲ್ಲಿ ನಿಂತ ಕೊಕ್ಕರೆಯಿದೆ. ಅದರ ಕೊಕ್ಕಿನ ತುದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಉಬ್ಬು ಗೆರೆ. ಅದು ಹುಳ ಎಂದು ನಮ್ಮಪ್ಪ ಹೇಳಿದ್ದ. ಹುಳ ತಪ್ಪಿಸಿಕೊಂಡಿತೋ ಇಲ್ಲವೋ ಎಂದು ನಾನು ದಿನಾ ಬೆಳಿಗ್ಗೆ ತೆಗೆದು ನೋಡುತ್ತಿದ್ದೆ.

ಈ ವರ್ಷ ಗುರುಸಿದ್ದನ ಹೆಂಡತಿ ಶಕುಂತಲಾ ಹೆತ್ತಳು. ಹೆಣ್ಣು ಕೂಸು. ಮುಷ್ಟಿ ಬಿಡಿಸಿದರೆ ಒಂಟಿಕಾಲಿನ ಕೊಕ್ಕರೆ. ಸೋದರತ್ತೆಯ ನಾಣ್ಯವೇ ಸೋದರಸೊಸೆಗೂ ಬಂತೆಂದು ಮನೆಯಲ್ಲಿ ಸಂಭ್ರಮ. ಒಂದೇ ದೇಶದ ನಾಣ್ಯ ಊರಲ್ಲಿ ಹಲವರಿಗೆ ಇರುತ್ತದೆ, ಅದೇನು ಹೊಸದಲ್ಲ, ಆದರೂ ಅವ್ವ ಸಕ್ಕರೆ ಹಂಚಿದಳು. ಹತ್ತಿರದಿಂದ ನೋಡುವ ಆಸೆ ನನಗಿತ್ತು. ಆದರೆ ನೋಟವಾಗುವ ತನಕ ನಾಣ್ಯ ತಾಯಿಯ ಸೆರಗಿನ ಗಂಟು ಬಿಟ್ಟು ಹೊರಬರುವಂತಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಕಟ್ಟೆಗೆ ಹೋದೆವು. ನೋಟಗಾರ ಅಡಿವೆಪ್ಪ ಕಾಕಾ ಜಮಖಾನದ ಮೇಲೆ ಕೂತಿದ್ದರು. ನನ್ನನ್ನೂ, ಗುರುಸಿದ್ದನನ್ನೂ, ಕಟ್ಟೆಯ ಸುತ್ತ ನೆರೆದವರಲ್ಲಿ ಮುಕ್ಕಾಲು ಜನರನ್ನೂ ಪರೀಕ್ಷೆ ಮಾಡಿದವರು ಅವರೇ. ಅವರಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ನಾಣ್ಯ ನೆನಪಿರುತ್ತದೆ. ದಾರಿಯಲ್ಲಿ ಸಿಕ್ಕರೆ “ನೀ ಆಮಿಯೋ, ಮೀನೋ?” ಎಂದು ಕೇಳುತ್ತಾರೆ. ಒಳ್ಳೆಯವರು. ತೂತು ಹೊಡೆದ ದಿನ ಊಟ ಮಾಡುವುದಿಲ್ಲವೆಂದು ಅವರ ಸೊಸೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಕಾಕಾ ಕೂಸಿನ ನಾಣ್ಯವನ್ನು ತಕ್ಕಡಿಯಲ್ಲಿಟ್ಟರು. ತಲೆಯಾಡಿಸಿದರು. ಕರಿಕಲ್ಲಿನ ಮೇಲೆ ಬೀಳಿಸಿ ಕಿವಿ ಕೊಟ್ಟರು. ದನಿ ಉದ್ದಕ್ಕೆ ಎಳೆಯಿತು. ಅಂಚನ್ನು ಉಗುರಿನಿಂದ ಸವರಿದರು. ಗುರುಸಿದ್ದನ ಹಲ್ಲು ಕಾಣತೊಡಗಿದವು. ಆಮೇಲೆ ಕಾಕಾ ಭೂತಗನ್ನಡಿ ಹಿಡಿದರು, ಹಿಡಿದೇ ಇದ್ದರು.

“ಈ ಗೆರಿ ನಾ ನೋಡೇನಿ” ಎಂದರು.

“ಎಲ್ಲಿ ನೋಡೀರಿ?” ಎಂದ ಗುರುಸಿದ್ದ.

“ಹಿಟ್ಟಿನ ಗಿರಣಿಯಾಕಿದರ ಮ್ಯಾಲ. ನಾ ಈ ಕಟ್ಟಿಗೆ ಕೂತ ಹೊಸದಾಗಿ, ಎರಕದ ಬಿರುಕು ಅಂತ ತೂತ ಹೊಡದಿದ್ದೆ. ಇದೇ ಕೊಕ್ಕರಿ, ಇದೇ ಕೊಕ್ಕು, ಕೊಕ್ಕಿನಿಂದ ಹೊಂಟ ಇದೇ ಗೆರಿ. ಎರಡ ನಾಣ್ಯದ ಮ್ಯಾಲ ಒಂದ ನಮೂನಿ ಕಲೆ ಇತ್ತಂದ್ರ ಎರಡೂ ಒಂದ ಮಾದರಿಯ ಎರಕ, ತಮ್ಮಾ. ಖೋಟಾ.”

“ತೂಕ ಸರಿ ಐತಿ ಅಂದ್ರಲ್ಲ. ದನಿ ಸರಿ ಐತಿ.”

“ಕೈ ಪಳಗಿದವರು ಅದನ್ನೆಲ್ಲಾ ಕೂಡಸ್ತಾರ. ಕಲೆ ಮುಚ್ಚಾಕ ಆಗೂದಿಲ್ಲ ಅವರಿಗೆ.” ಕಾಕಾ ಉಳಿ ಕೈಗೆತ್ತಿಕೊಂಡರು.

ಶಕುಂತಲಾ ಅಳಲಿಲ್ಲ. ಕೂಸಿನ ಟೊಪ್ಪಿಗೆ ಸರಿಮಾಡಿ, “ಆತು ಬಿಡ್ರಿ. ಕಟ್ಟಿ ಮ್ಯಾಲ ಬ್ಯಾಡ. ನಾ ಮನ್ಯಾಗ ಏನರ ಒಂದು ಹೆಸರು ಹಿಡಿದು ಕರೀತೇನಿ” ಎಂದಳು.

“ಮನ್ಯಾಗೂ ಕರಿಯೋ ಹಂಗಿಲ್ಲವ್ವ” ಎಂದರು ಕಾಕಾ, ಬಹಳ ಮೆತ್ತಗೆ.

“ತಡೀರಿ ಕಾಕಾ. ಒಂದ ಸಲ ನಾ ನೋಡ್ತೇನಿ” ಎಂದೆ. ಸೋದರತ್ತೆಗೆ ಅಷ್ಟು ಹಕ್ಕಿದೆ. ಭೂತಗನ್ನಡಿ ಕೊಟ್ಟರು. ಕೊಕ್ಕಿನ ತುದಿಯಿಂದ ಉಬ್ಬಿದ ಗೆರೆ ಹೊರಟು, ಅಲೆಯಂತೆ ಒಮ್ಮೆ ಬಳುಕಿ, ಪಕ್ಕದ ಅಕ್ಷರದ ಕಾಲಿಗೆ ಮುಟ್ಟಿ ನಿಂತಿತ್ತು. ಶುರುವಾದ ಜಾಗ ನನಗೆ ನನ್ನ ಅಂಗೈಯಷ್ಟು ಪರಿಚಯ. ಮೊದಲ ಬಳುಕು ನನ್ನ ಹುಳವೇ. ಆದರೆ ನನ್ನ ಹುಳ ಅಲ್ಲಿಗೇ ಮುಗಿಯುತ್ತದೆ, ಇದು ಮುಂದಕ್ಕೆ ಹೋಗಿದೆ.

ನನ್ನ ಕೈ ಕುಬಸದ ಕಿಸೆಯ ಮೇಲೆ ಹೋದದ್ದನ್ನು ಗುರುಸಿದ್ದ ಕಂಡ. ಅವನಿಗೂ ಆ ಹುಳ ಗೊತ್ತು. “ಅಕ್ಕಾ, ಬ್ಯಾಡ” ಎಂದ. ನಾಣ್ಯ ಹೊರಗೆ ತೆಗೆದರೆ ಏನಾಗುತ್ತದೆಂದು ನನಗೂ ಗೊತ್ತಿತ್ತು. ಒಂದೇ ಕಲೆಯ ಮೂರನೆಯ ನಾಣ್ಯ. ಕಾಶೀಬಾಯಿ ಅನ್ನುವವಳು ಮಧ್ಯಾಹ್ನದಿಂದ ಬಸ್ ಸ್ಟ್ಯಾಂಡಿನಾಕಿ ಆಗುತ್ತಾಳೆ, ಸಾಯುವತನಕ. ಹೆದರಿಕೆಯಾಯಿತು. ಆದರೆ ಆ ಮುಂದಕ್ಕೆ ಹೋದ ಗೆರೆ ನನ್ನ ತಲೆಯಲ್ಲಿ ಎಲ್ಲೋ ಕುಟುಕುತ್ತಿತ್ತು. ಹುಳ ಎಂದು ನಾನು ಕರೆದದ್ದು ಹುಳವಲ್ಲ, ಯಾವುದರದೋ ಮೊದಲ ತುಂಡು. ಹಾಗಾದರೆ ಕೊನೆಯ ತುಂಡು ಗಿರಣಿಯಲ್ಲಿರಬೇಕು.

ನಾಣ್ಯ ತೆಗೆದು ಕರಿಕಲ್ಲಿನ ಮೇಲಿಟ್ಟೆ. ಕಾಕಾ ಬಗ್ಗಿ ನೋಡಿದವರು ದನಿ ತಗ್ಗಿಸಿ, “ಒಳಗ ಇಟ್ಕೋ. ನಾ ನೋಡಿಲ್ಲ” ಎಂದರು.

“ನೋಡೀರಿ ಕಾಕಾ.”

“ನಾನ ಪಾಸ್ ಮಾಡಿದ್ದಲ್ಲವಾ ಇದು. ಹುಳ ಅಂತ ತಿಳದಿದ್ದೆ.”

“ನಮ್ಮಪ್ಪನೂ ಹಂಗ ತಿಳದಿದ್ದ.”

“ಹಂಗಾದ್ರ ಮೂರೂ ಖೋಟಾ ಆದುವು ನೋಡು. ನಿನ್ನ ಹೆಸರೂ ಹೋತು” ಎಂದರು. ಗುಂಪಿನಲ್ಲಿ ಗುಜುಗುಜು ಎದ್ದಿತು. ಯಾರೋ ಒಬ್ಬ, “ಎಲ್ಲಾರ ಹೆಸರು ಒದರಾಕಿಗೇ ಹೆಸರಿಲ್ಲಂದ್ರ ಹೆಂಗ? ಇಕಿ ತಪ್ಪಿಸ್ಕೊಂಡ್ರ ಮೈಕಿನ್ಯಾಗ ಏನಂತ ಒದರೂದು?” ಎಂದ. ಒಂದಿಬ್ಬರು ನಕ್ಕರು, ಅವರ ಹೆಂಡಂದಿರು ಚಿವುಟಿದರು.

“ಗಿರಣಿಯಾಕಿನ್ನ ಕರಸ್ರಿ” ಎಂದೆ. “ಮೂರನೇದು ನೋಡದ ಹೆಂಗ ಹೇಳ್ತೀರಿ?”

ಓಣಿಯ ಕೊನೆಯಲ್ಲಿ ಗಿರಣಿಯ ಪಟ್ಟೆಯ ಸಪ್ಪಳ ನಿಂತದ್ದು ಎಲ್ಲರಿಗೂ ಕೇಳಿಸಿತು. ಮೊಣಕೈತನಕ ಹಿಟ್ಟು ಮಾಡಿಕೊಂಡೇ ಆಕೆ ಬಂದಳು. ಐವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು, ರೆಪ್ಪೆಯ ಮೇಲೂ ಜೋಳದ ಪುಡಿ. “ಜ್ವಾಳ ಅರ್ಧಕ್ಕ ಬಿಟ್ಟ ಬಂದೇನಿ. ಯಾರು ಸತ್ರು?”

“ಯಾರೂ ಸತ್ತಿಲ್ಲ. ನಿನ್ನ ನಾಣ್ಯ ಬೇಕಾಗೇತಿ” ಎಂದರು ಕಾಕಾ.

“ಅದಕ್ಕ ಒಂದ ತೂತ ಹೊಡದೀರಿ. ಇನ್ನೊಂದ ಹೊಡದು ಗುಂಡಿ ಮಾಡಿ ಅಂಗಿಗೆ ಹಚ್ಕೋತೀರೇನು?” ಎನ್ನುತ್ತ ಸೊಂಟದಿಂದ ಗಿರಣಿಯ ಕೀಲಿಗೊಂಚಲು ತೆಗೆದಳು. ತೂತಿನಲ್ಲಿ ಉಂಗುರ ತೂರಿಸಿ ಕೀಲಿಗಳ ನಡುವೆ ಅದನ್ನು ಪೋಣಿಸಿಕೊಂಡಿದ್ದಳು. ಬಿಡಿಸಿ ಕೊಟ್ಟಳು. ಕೊಡುವಾಗ ಅದನ್ನು ಸೆರಗಿನಿಂದ ಒರೆಸಿದ್ದನ್ನು ಬಹುಶಃ ನಾನೊಬ್ಬಳೇ ಗಮನಿಸಿದೆ.

ನಾನು ಮೂರನ್ನೂ ಸಾಲಾಗಿ ಕಲ್ಲಿನ ಮೇಲೆ ಇಡತೊಡಗಿದೆ. “ದೂರ ದೂರ ಇಡಬೇ!” ಎಂದು ಹಿಂದಿನಿಂದ ಅವ್ವ ಕೂಗಿದಳು. ದೂರ ಇಟ್ಟರೆ ಭೂತಗನ್ನಡಿಯಲ್ಲಿ ಒಟ್ಟಿಗೆ ಕಾಣುವುದಿಲ್ಲ. ಒಂದರ ಅಂಚಿಗೆ ಇನ್ನೊಂದನ್ನು ಸರಿಸಿದೆ. ಠಣ್. ಮತ್ತೊಂದು, ಠಣ್. ಜನ ಒಂದು ಹೆಜ್ಜೆ ಹಿಂದೆ ಸರಿದರು, ಒಬ್ಬ ಕಿಸೆ ಗಟ್ಟಿಯಾಗಿ ಹಿಡಿದುಕೊಂಡ. ಏನೂ ಆಗಲಿಲ್ಲ. ಕೂಸು ಆಕಳಿಸಿತು.

“ಬರ್ರಿ ಕಾಕಾ. ಮೂರೂ ಕೂಡಿ ನೋಡ್ರಿ.”

“ನಾ ಎಂದೂ ಹಿಂಗ ನೋಡಿಲ್ಲ.”

“ಅದಕ್ಕ ನೋಡ್ರಿ ಅನ್ನೂದು.”

ನೋಡಿದರು. ನನ್ನದರಲ್ಲಿ ಗೆರೆ ಹುಳದಷ್ಟು. ಕೂಸಿನದರಲ್ಲಿ ಅಕ್ಷರದ ಕಾಲಿನವರೆಗೆ. ಗಿರಣಿಯಾಕೆಯದರಲ್ಲಿ ಅಕ್ಷರವನ್ನು ದಾಟಿ, ತೂತಿನ ಪಕ್ಕದಿಂದ ಹಾಯ್ದು, ಅಂಚಿನ ತನಕ.

“ಕಾಕಾ, ಎರಕದವರ ಅಚ್ಚು ಯಾತರದ್ದು?” ಎಂದೆ.

“ಮಣ್ಣಿಂದು.”

“ಒಂದ ಅಚ್ಚಿನಾಗ ಎಷ್ಟು ತಗೀತಾರ?”

“ಒಂದ. ಮಣ್ಣು ಒಡದ ಮ್ಯಾಲ ನಾಣ್ಯ ಹೊರಗ ಬರೂದು.”

“ಮುಂದಿಂದಕ್ಕ?”

“ಹೊಸಾ ಮಣ್ಣು. ಅದೇ ಮಾದರಿ ನಾಣ್ಯ ಒತ್ತಿ ಮತ್ತೊಂದು ಅಚ್ಚು...” ಎಂದವರು ನಿಲ್ಲಿಸಿದರು.

“ಮಾದರಿ ಒಂದ ಅಂದ್ರ ಗೆರಿನೂ ಒಂದ ಅಳತಿ ಇರಬೇಕಲ್ಲ. ಇಲ್ಲಿ ಬೆಳದೇತಿ.”

ಕಾಕಾ ಮೂರು ನಾಣ್ಯಗಳ ಮೇಲೆ ಭೂತಗನ್ನಡಿಯನ್ನು ಅತ್ತಿಂದಿತ್ತ, ಇತ್ತಿಂದತ್ತ ಸರಿಸಿದರು. ಗಿರಣಿಯಾಕೆಯ ನಾಣ್ಯ ಎತ್ತಿ ಅಂಚು ಸವರಿದರು, ಹೊಲಿಗೆ ಸಿಗಲಿಲ್ಲ. ಅಕ್ಷರದ ಬುಡಕ್ಕೆ ಉಗುರು ಕೊಟ್ಟರು. ಅವರ ತುಟಿ ಮೆಲ್ಲಗೆ ಅಲುಗತೊಡಗಿತು, ಮೊದಮೊದಲು ನಮಗೆ ಕೇಳಿಸಲೇ ಇಲ್ಲ. “ಉಕ್ಕಿನ ಅಚ್ಚು. ನಾಣ್ಯ ಹೊಡಿಯೋ ಟಂಕಸಾಲಿಯ ಉಕ್ಕಿನ ಅಚ್ಚು. ಹೊಡದಂಗ ಹೊಡದಂಗ ಅದು ಸೀಳತೈತಿ. ಸೀಳಿದ ಜಾಗಾದಾಗ ಲೋಹ ಹೊಕ್ಕು ಉಬ್ಬತೈತಿ. ಹಿಮ್ಮಡಿ ಒಡದಂಗ, ದಿನಾ ಇಷ್ಟಿಷ್ಟ...” ತಲೆಯೆತ್ತಿ ನನ್ನನ್ನು ನೋಡಿದರು. ಅವರು ನನ್ನ ಮುಖವನ್ನು ನಿಜವಾಗಿ ನೋಡಿದ್ದು ಅದೇ ಮೊದಲು. “ಕಾಶೀಬಾಯಿ, ನಿಂದು ಮುಂಜಾನೆ ಹೊಡದದ್ದು. ಕೂಸಿಂದು ಮಧ್ಯಾಹ್ನ. ಇಕಿದು ಸಂಜಿಮುಂದ, ಇನ್ನೇನು ಅಚ್ಚು ಹೋಳಾಗೂ ಹೊತ್ತಿಗೆ. ಒಂದ ಟಂಕಸಾಲಿ, ಒಂದ ಅಚ್ಚು!”

“ಹಂಗಂದ್ರ?” ಎಂದ ಗುರುಸಿದ್ದ.

ಕಾಕಾ ಎದ್ದು ನಿಂತರು. ನೋಟಗಾರರು ಕಟ್ಟೆಯ ಮೇಲೆ ಎದ್ದು ನಿಲ್ಲುವುದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಮೊಣಕಾಲು ಲಟಕ್ ಎಂದಿತು. “ಖರೆ!” ಎಂದು ಕೂಗಿದರು. “ಮೂರೂ ಖರೆ! ಗೆರಿ ಇದ್ದದ್ದಕ್ಕ ಖರೆ!” ಉಳಿಯನ್ನು ಕಟ್ಟೆಯ ಹಿಂದಿನ ಚರಂಡಿಗೆ ಎಸೆದರು. ಅದು ಗುರಿ ತಪ್ಪಿ ಒಂದು ಸೈಕಲ್ಲಿಗೆ ಬಡಿಯಿತು, ಸೈಕಲ್ಲಿನವನು ಬಯ್ಯಲು ಬಾಯಿ ತೆರೆದವನು ಬದಲಿಗೆ ಸಿಳ್ಳೆ ಹಾಕಿದ. ಆಮೇಲೆ ಎಲ್ಲರೂ ಹಾಕಿದರು. ಶಕುಂತಲಾ ಈಗ ಅತ್ತಳು, ಎಷ್ಟು ಜೋರಾಗಿ ಎಂದರೆ ಸಿಳ್ಳೆಗೆ ಬೆಚ್ಚಿ ಅಳುತ್ತಿದ್ದ ಕೂಸು ಅಳು ನಿಲ್ಲಿಸಿ ಅವಳನ್ನು ನೋಡಿತು.

ಗಿರಣಿಯಾಕೆ ಕಲ್ಲಿನ ಹತ್ತಿರವೇ ನಿಂತಿದ್ದಳು. “ಖರೆ ಅಂದ್ರ, ಈ ತೂತ?”

“ಅದು ನನ್ನ ತಪ್ಪು, ತಾಯಿ. ನಿನ್ನ ನಾಣ್ಯದ್ದಲ್ಲ” ಎಂದರು ಕಾಕಾ, ಕೈ ಮುಗಿದು.

ಆಕೆ ನಾಣ್ಯ ಎತ್ತಿಕೊಂಡು ತೂತಿನ ಮೂಲಕ ಅವರನ್ನೇ ನೋಡಿದಳು. “ಇರ್ಲಿ ಬಿಡ್ರಿ” ಎಂದಳು. “ಕೀಲಿ ಪೋಣಸಾಕ ಅನುಕೂಲ ಐತಿ.”

ತಡಮಾಡದೆ ಕೂಸನ್ನು ನನ್ನ ಮಡಿಲಿಗೆ ಹಾಕಿದರು. ಹೆಸರು ಯಾವುದೆಂದು ಹನ್ನೆರಡು ದಿನ ಮನೆಯಲ್ಲಿ ಜಗಳವಾಗಿ, ಕೊನೆಗೆ ಶಕುಂತಲಾ ಗೆದ್ದಿದ್ದಳು. ನಾನು ಬಗ್ಗಿ ಅದರ ಕಿವಿಯಲ್ಲಿ ಕುರ್‍ರ್ ಎಂದು, “ವನಜಾ” ಎಂದೆ. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ, ನನ್ನ ಬೆನ್ನ ಮೇಲೆ ಗುದ್ದು ಬೀಳತೊಡಗಿದವು. ಅವ್ವ ಗುದ್ದಿದಳು, ಓಣಿಯ ಹೆಂಗಸರೆಲ್ಲ ಗುದ್ದಿದರು. ಎಲ್ಲಕ್ಕಿಂತ ದೊಡ್ಡದು ಗಿರಣಿಯಾಕೆಯದು, ಉಸಿರೇ ನಿಂತಂತಾಯಿತು. ಅವಳ ಹಿಟ್ಟಿನ ಮುಷ್ಟಿ ಕುಬಸದ ಮೇಲೆ ಇಡಿಯಾಗಿ ಮೂಡಿತ್ತಂತೆ, ಆಮೇಲೆ ಹೇಳಿದರು.

“ಈಗ ಇಕಿದು” ಎಂದರು ಕಾಕಾ. “ಏನಂತ ಇಡೂಣು?”

ಇಷ್ಟು ಹೊತ್ತು ಪಟಪಟ ಮಾತಾಡಿದವಳು ಕೈಯ ಹಿಟ್ಟು ಕೊಡವಿಕೊಂಡಳು. ನೆಲ ನೋಡಿದಳು. “ಐತಿ ಒಂದು” ಎಂದಳು. “ಗಿರಣಿ ಸಪ್ಪಳದಾಗ ಯಾರಿಗೂ ಕೇಳೂದಿಲ್ಲ ನೋಡ್ರಿ. ಅದು ಶುರು ಆದ ಕೂಡಲೆ ಒಂದೊಂದ ಹೆಸರು ಜೋರಾಗಿ ಒದರಿ ನೋಡತಿದ್ದೆ, ಯಾವುದು ನನಗ ಹೊಂದತೈತಿ ಅಂತ. ತ್ರಿಪುರಸುಂದರಿ ಹೊಂದತಿತ್ತು.”

“ಯವ್ವಾ, ಸಣ್ಣದೊಂದ ಇಟ್ಕೋಬೇ!” ಎಂದು ಯಾರೋ ನಕ್ಕರು.

“ಯಾಕ? ಇಷ್ಟ ವರ್ಷದ್ದೆಲ್ಲಾ ಅದರಾಗ ಕೂಡಬೇಕಲ್ಲ.”

ಆಕೆಗೆ ಸೋದರತ್ತೆ ಯಾರೂ ಉಳಿದಿರಲಿಲ್ಲ. ಕೂಸನ್ನು ತಾಯಿಗೆ ಕೊಟ್ಟು ನಾನೇ ಎದ್ದೆ. ನನಗಿಂತ ಎತ್ತರ ಆಕೆ, ಬಗ್ಗಿದಳು. ಕಿವಿಯಲ್ಲಿ ಹಿಟ್ಟಿನ ವಾಸನೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಎರಡನೆಯ ಸುತ್ತಿನ ಗುದ್ದು ಶುರುವಾದವು.

ಅಷ್ಟರಲ್ಲಿ ಸುದ್ದಿ ಓಣಿ ಓಣಿಗೆ ಹೋಗಿತ್ತು. ತೂತಿನ ನಾಣ್ಯದವರು ಒಬ್ಬೊಬ್ಬರಾಗಿ ಬರತೊಡಗಿದರು, ಕೆಲವರು ಊಟದ ಕೈಯಲ್ಲೇ. ಕಾಕಾ ನನ್ನನ್ನು ಜಮಖಾನದ ಇನ್ನೊಂದು ತುದಿಗೆ ಕೂರಿಸಿಕೊಂಡು, “ಪಕ್ಕದಾಗ ಇಡ್ರಿ, ಒಂದಕ್ಕೊಂದು ಹಚ್ಚಿ ಇಡ್ರಿ, ಹೆದರಬ್ಯಾಡ್ರಿ” ಎನ್ನುತ್ತಿದ್ದರು. ಠಣ್ ಠಣ್ ಎಂಬ ಸದ್ದಿಗೆ ಮೊದಲು ಬೆಚ್ಚುತ್ತಿದ್ದವರು ಆಮೇಲೆ ಬೇಕೆಂದೇ ತಾಕಿಸತೊಡಗಿದರು. ಪಂಕ್ಚರ್ ಅಂಗಡಿಯವನ ನಾಣ್ಯ ನಿಜಕ್ಕೂ ಎರಕದ್ದು, ಅಂಚಿನ ಹೊಲಿಗೆ ಕುರುಡನ ಬೆರಳಿಗೂ ಸಿಗುವಂತಿತ್ತು. ಅವನು ಟೊಪ್ಪಿಗೆ ತೆಗೆದು ನಿಂತಿದ್ದ. ಕಾಕಾ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ.

“ಇದರ ಜೋಡಿ ಸಿಕ್ಕಿಲ್ಲ” ಎಂದರು ಕಾಕಾ. “ಜೋಡಿ ಸಿಗೂತನಕ ತೀರ್ಮಾನ ಹೇಳಾಕ ಬರೂದಿಲ್ಲ. ಅಲ್ಲೀತನಕ ಒಂದು ಹೆಸರು ಇಟ್ಕೊಂಡಿರು.”

“ಎಲ್ಲೀತನಕ್ರೀ?”

“ಹುಡುಕತೇವಿ. ಜಗತ್ತು ದೊಡ್ಡದೈತಿ. ನಿಂದರಬ್ಯಾಡ, ಮುಂದಿನವರಿಗೆ ದಾರಿ ಬಿಡು.”

ಅವನು ಮೆಟ್ಟಿಲು ಇಳಿಯುವುದನ್ನೂ ಮರೆತು ಕಟ್ಟೆಯಿಂದ ಕೆಳಕ್ಕೆ ಹಾರಿದ. ಅತ್ತ ಗಿರಣಿಯ ಮುಂದೆ ಅರ್ಧ ಬೀಸಿದ ಜೋಳದವರು ಕಾಯುತ್ತಿದ್ದರು. ಅವರಲ್ಲೊಬ್ಬಳು ಎಂದಿನಂತೆ “ಏ ಗಿರಣಿಯಾಕಿ” ಎಂದು ಕರೆಯಹೋಗಿ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ರುಚಿ ನೋಡುವವಳ ಹಾಗೆ ಬಿಡಿಬಿಡಿಯಾಗಿ ಕೂಗಿದಳು: “ಏ ತ್ರಿಪುರಸುಂದರೀ!” ಕಟ್ಟೆಯ ಕೆಳಗೆ ಕೀಲಿ ಪೋಣಿಸುತ್ತಿದ್ದ ಹೆಂಗಸು ಯೋಚಿಸುವ ಮೊದಲೇ ಕತ್ತು ತಿರುಗಿಸಿದ್ದಳು. “ಓ!” ಎಂದಳು. ಕಟ್ಟೆಯ ಮುಂದಿನ ಮೈದಾನದ ಆ ಕಡೆಯಿಂದ ಮತ್ತೊಬ್ಬ ಕರೆದ. “ಓ!” ಗುರುಸಿದ್ದ ಕರೆದ, ಅವ್ವ ಕರೆದಳು, ಶಾಲೆಯಿಂದ ಬರುತ್ತಿದ್ದ ಮಕ್ಕಳು ಏನೆಂದು ತಿಳಿಯದೆಯೇ ಕರೆದವು. ಜೋಳದವರು ಬುಟ್ಟಿಗಳ ಮೇಲೆ ಕೂತು ಕಾದರು. ಆಕೆ ಎಲ್ಲರಿಗೂ, ಒಬ್ಬರನ್ನೂ ಬಿಡದೆ, ಒಂದೊಂದು 'ಓ' ಕೊಡುತ್ತ ನಿಂತೇ ಇದ್ದಳು.